ಖಾಲಿ ಕುರ್ಚಿಗಳಿಗೆ ಹೇಳಿದ ಮಾತು

ಅಮೆರಿಕದ ಸೆನೆಟ್‌ನಲ್ಲಿ ಬೆಳಗಿನ ಕಲಾಪವೆಂದರೆ ಬಹುಮಟ್ಟಿಗೆ ಖಾಲಿ ಕುರ್ಚಿಗಳ ಹೊತ್ತು. ಪ್ರಾರ್ಥನೆ ಮುಗಿದು, ಪಕ್ಷದ ನಾಯಕರು ದಿನದ ಕಾರ್ಯಕ್ರಮ ಹೇಳಿದ ಮೇಲೆ, ಏನಾದರೂ ಹೇಳಬೇಕೆನ್ನುವ ಸದಸ್ಯರಿಗೆ ಒಂದಿಷ್ಟು ನಿಮಿಷ ಸಿಗುತ್ತದೆ. ಕೇಳುವುದಕ್ಕೆ ಪೀಠದಲ್ಲಿ ಕೂತ ಒಬ್ಬರು, ಕೆಳಗೆ ಮಾತನ್ನು ಬರೆದುಕೊಳ್ಳುವ ವರದಿಗಾರರು, ಗ್ಯಾಲರಿಯಲ್ಲಿ ಊರು ನೋಡಲು ಬಂದ ಪ್ರವಾಸಿಗರು. ದೊಡ್ಡ ಚರ್ಚೆ, ಮತದಾನ, ಜಗಳ ಎಲ್ಲವೂ ಆಮೇಲೆ.

ಈ ಸದನದಲ್ಲಿ 1967ರ ಜನವರಿ 11ರಂದು ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಎದ್ದು ನಿಂತು ಒಂದು ಪಣ ತೊಟ್ಟರು. ಜನಾಂಗಹತ್ಯೆಯನ್ನು ಅಪರಾಧವೆಂದು ಸಾರಿ ಅದನ್ನು ತಡೆಯುವ, ಶಿಕ್ಷಿಸುವ ಹೊಣೆ ಹೊರಿಸುವ ವಿಶ್ವಸಂಸ್ಥೆಯ ಒಪ್ಪಂದವನ್ನು ಸೆನೆಟ್ ಹದಿನೇಳು ವರ್ಷ ಮೀರಿ ಮೂಲೆಗೆ ಹಾಕಿದೆ, ಇದು ದೇಶಕ್ಕೇ ನಾಚಿಕೆಗೇಡು. ಸೆನೆಟ್ ಅದನ್ನು ಒಪ್ಪುವವರೆಗೆ ಸದನ ಸೇರಿದ ಪ್ರತಿದಿನವೂ ಈ ಬಗ್ಗೆ ಮಾತಾಡುತ್ತೇನೆ ಎಂದರು. ಒಂದೆರಡು ವರ್ಷದಲ್ಲಿ ಕೆಲಸ ಮುಗಿದೀತು ಎಂದು ಆಗ ಯಾರಾದರೂ ಎಣಿಸಿದ್ದರೆ ಆಶ್ಚರ್ಯವಿಲ್ಲ. ಹಿಡಿದದ್ದು ಹತ್ತೊಂಬತ್ತು ವರ್ಷ. ಅಷ್ಟರಲ್ಲಿ ಅವರು ಮಾಡಿದ ಭಾಷಣಗಳ ಸಂಖ್ಯೆ 3,211.

ಆ ಒಪ್ಪಂದ ಮೂಲೆ ಸೇರಿದ್ದು ಯಾಕೆ ಎಂಬುದನ್ನು ಮೊದಲು ಹೇಳಬೇಕು. ಇದರ ಹಿಂದೆ ಇದ್ದವರು ಪೋಲೆಂಡಿನ ಯಹೂದಿ ವಕೀಲ ರಫಾಯೆಲ್ ಲೆಮ್ಕಿನ್. ಒಬ್ಬನನ್ನು ಕೊಂದವನಿಗೆ ಶಿಕ್ಷೆಯಿದೆ, ಒಂದು ಜನಾಂಗವನ್ನೇ ಕೊಲ್ಲಿಸಿದ ಸರ್ಕಾರಕ್ಕೆ ಯಾಕಿಲ್ಲ ಎಂಬ ಪ್ರಶ್ನೆ, ಆರ್ಮೇನಿಯನ್ನರ ಹತ್ಯಾಕಾಂಡದ ಸುದ್ದಿ ತಿಳಿದ ವಿದ್ಯಾರ್ಥಿ ದಿನಗಳಿಂದಲೇ ಅವರನ್ನು ಕಾಡಿತ್ತು. 1939ರಲ್ಲಿ ನಾಜಿಗಳು ಪೋಲೆಂಡಿಗೆ ನುಗ್ಗಿದಾಗ ಅವರು ತಪ್ಪಿಸಿಕೊಂಡು, ಸ್ವೀಡನ್, ರಷ್ಯಾ, ಜಪಾನ್ ಸುತ್ತಿ 1941ರಲ್ಲಿ ಅಮೆರಿಕ ತಲುಪಿದರು. ಊರಲ್ಲಿ ಉಳಿದ ಬಂಧುಗಳಲ್ಲಿ 49 ಮಂದಿ ಸತ್ತರು. 1944ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ಅಪರಾಧಕ್ಕೆ ‘ಜೆನೊಸೈಡ್’ ಎಂದು ಹೆಸರಿಟ್ಟವರು ಅವರೇ.

ಯುದ್ಧ ಮುಗಿದ ಮೇಲೆ ಲೆಮ್ಕಿನ್ ವಿಶ್ವಸಂಸ್ಥೆಯ ಮೊಗಸಾಲೆಗಳಲ್ಲಿ ರಾಯಭಾರಿಗಳ ಬೆನ್ನು ಹತ್ತಿದರು. ನಮ್ಮ ದೇಶ ಈ ಕಥೆಯೊಳಗೆ ಬರುವುದು ಇಲ್ಲಿ. ಜನಾಂಗಹತ್ಯೆ ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಅಪರಾಧವೆಂದು ಘೋಷಿಸುವ ನಿರ್ಣಯವನ್ನು 1946ರಲ್ಲಿ ಮಹಾಸಭೆಯ ಮುಂದಿಟ್ಟ ಮೂರು ದೇಶಗಳು ಕ್ಯೂಬಾ, ಪನಾಮಾ ಮತ್ತು ಭಾರತ. ನಮಗೆ ಸ್ವಾತಂತ್ರ್ಯ ಬರಲು ಇನ್ನೂ ತಿಂಗಳುಗಳಿದ್ದವು. ಭಾರತೀಯ ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್. ನಿರ್ಣಯ ಸರ್ವಾನುಮತದಿಂದ ಗೆದ್ದಿತು. ಎರಡು ವರ್ಷದ ನಂತರ, 1948ರ ಡಿಸೆಂಬರ್ 9ರಂದು, ಪ್ಯಾರಿಸ್ಸಿನಲ್ಲಿ ಮಹಾಸಭೆ ಒಪ್ಪಂದದ ಪಠ್ಯವನ್ನೂ ಅಂಗೀಕರಿಸಿತು. ಎರಡೇ ದಿನದಲ್ಲಿ ಅಮೆರಿಕ ಸಹಿ ಹಾಕಿತು.

ಆದರೆ ಅಮೆರಿಕದ ಸಂವಿಧಾನದ ಪ್ರಕಾರ ಅಧ್ಯಕ್ಷರ ಸಹಿ ಸಾಲದು. ಹಾಜರಿದ್ದ ಸೆನೆಟರುಗಳಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ನಮ್ಮಲ್ಲಿ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರ ಸರ್ಕಾರ. ಸಂಸತ್ತಿನ ಕೆಲಸ ಬರುವುದು ಅದನ್ನು ಜಾರಿಗೆ ತರುವ ಕಾನೂನು ಬೇಕಾದಾಗ. ಅಮೆರಿಕದ ಸೆನೆಟ್‌ನಲ್ಲಿ ಮೂವತ್ತನಾಲ್ಕು ಮಂದಿ ಬೇಡವೆಂದರೆ ಸಾಕು, ಉಳಿದವರೆಲ್ಲ ಬೇಕೆಂದರೂ ನಡೆಯದು. 1949ರ ಜೂನ್‌ನಲ್ಲಿ ಅಧ್ಯಕ್ಷ ಟ್ರೂಮನ್ ಒಪ್ಪಂದವನ್ನು ಸೆನೆಟ್‌ಗೆ ಕಳಿಸಿದರು. 1950ರಲ್ಲಿ ಉಪಸಮಿತಿ ವಿಚಾರಣೆ ನಡೆಸಿತು. ಅಮೆರಿಕನ್ ವಕೀಲರ ಸಂಘವೇ ವಿರುದ್ಧ ನಿಂತಿತು. ಆ ಬೇಸಿಗೆಯಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಕಡತ ಕೆಳಗೆ ಬಿತ್ತು.

ವಿರೋಧದ ಕಾನೂನು ವಾದಗಳು ಹಲವು. ಒಪ್ಪಂದದಲ್ಲಿ ‘ಮಾನಸಿಕ ಹಾನಿ’ ಎಂಬ ಮಾತಿದೆ, ಅದಕ್ಕೆ ಮಿತಿ ಎಲ್ಲಿ? ನಮ್ಮ ಪ್ರಜೆಯನ್ನು ಹೊರದೇಶದ ನ್ಯಾಯಾಲಯಕ್ಕೆ ಎಳೆದರೆ? ರಾಜ್ಯಗಳ ಅಧಿಕಾರಕ್ಕೆ ಕೇಂದ್ರ ಕೈಹಾಕಿದರೆ? ಈ ಕೊನೆಯ ಪ್ರಶ್ನೆಯ ಅಡಿಯಲ್ಲಿ ನಿಜವಾದ ಭಯವಿತ್ತು ಎಂದು ನನಗನಿಸುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ನಲ್ಲಿ. ಗುಂಪು ಕಟ್ಟಿ ಮರಕ್ಕೆ ನೇತು ಹಾಕಿದವರಿಗೆ ಶಿಕ್ಷೆ ಇಲ್ಲ. 1951ರ ಡಿಸೆಂಬರ್‌ನಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ವಿಲಿಯಂ ಪ್ಯಾಟರ್ಸನ್ ಪ್ಯಾರಿಸ್ಸಿನಲ್ಲೂ ಗಾಯಕ ಪಾಲ್ ರೋಬ್ಸನ್ ನ್ಯೂಯಾರ್ಕಿನಲ್ಲೂ ವಿಶ್ವಸಂಸ್ಥೆಗೆ ಒಂದು ಅರ್ಜಿ ಕೊಟ್ಟು, ಅಮೆರಿಕ ತನ್ನ ಕರಿಯ ಪ್ರಜೆಗಳ ಮೇಲೆ ಜನಾಂಗಹತ್ಯೆ ನಡೆಸುತ್ತಿದೆ ಎಂದು ಆರೋಪಿಸಿದರು. ಲೆಮ್ಕಿನ್ ಆ ಅರ್ಜಿಯನ್ನು ಒಪ್ಪಲಿಲ್ಲ, ವಿರೋಧಿಸಿದರು. ಸೆನೆಟ್‌ನಲ್ಲಿ ಒಪ್ಪಂದ ಉಳಿಯಬೇಕೆಂಬ ಆತಂಕ ಅವರದಾಗಿರಬೇಕು. ಅದು ಉಳಿಯಲೂ ಇಲ್ಲ, ಆ ಅರ್ಜಿಯ ದೂರು ಸುಳ್ಳಾಗಲೂ ಇಲ್ಲ; ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವ ಭಾಗ ಇದು.

ಓಹಾಯೋದ ಸೆನೆಟರ್ ಜಾನ್ ಬ್ರಿಕರ್, ಅಧ್ಯಕ್ಷರ ಒಪ್ಪಂದದ ಅಧಿಕಾರವನ್ನೇ ಕತ್ತರಿಸುವ ಸಂವಿಧಾನ ತಿದ್ದುಪಡಿ ತಂದರು. 1953ರಲ್ಲಿ ವಿದೇಶಾಂಗ ಕಾರ್ಯದರ್ಶಿ ಡಲೆಸ್ ಸೆನೆಟ್ ಸಮಿತಿಯ ಮುಂದೆ ಬಂದು, ಮಾನವ ಹಕ್ಕುಗಳ ಒಪ್ಪಂದಗಳ ಗೊಡವೆಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟರು. ಆದರೂ ಮರುವರ್ಷದ ಫೆಬ್ರವರಿಯಲ್ಲಿ ಆ ತಿದ್ದುಪಡಿಯ ಒಂದು ರೂಪ ಸೋತದ್ದು ಒಂದೇ ಒಂದು ಮತದಿಂದ. ಅದೇ 1954ರಲ್ಲಿ ಸೋವಿಯತ್ ಒಕ್ಕೂಟ ಜನಾಂಗಹತ್ಯೆ ಒಪ್ಪಂದವನ್ನು ಒಪ್ಪಿಕೊಂಡಿತು. ಲೆಮ್ಕಿನ್ ಬಡತನದಲ್ಲಿ ನ್ಯೂಯಾರ್ಕಿನಲ್ಲಿ ದಿನ ದೂಡಿ 1959ರ ಆಗಸ್ಟ್ 28ರಂದು ಹೃದಯಾಘಾತದಿಂದ ತೀರಿಕೊಂಡರು. ಮಣ್ಣಿಗೆ ಬಂದವರು ಬೆರಳೆಣಿಕೆಯ ಜನ. ಅದರ ಹಿಂದಿನ ದಿನವಷ್ಟೇ, ಆಗಸ್ಟ್ 27ರಂದು, ಒಪ್ಪಂದಕ್ಕೆ ಭಾರತದ ಅಂತಿಮ ಒಪ್ಪಿಗೆ ದಾಖಲಾಗಿತ್ತು.

ಇನ್ನು ಪ್ರಾಕ್ಸ್‌ಮೈರ್. ಇಲಿನಾಯ್‌ನ ಅನುಕೂಲಸ್ಥ ವೈದ್ಯರ ಮಗ, 1915ರಲ್ಲಿ ಹುಟ್ಟಿದವರು; ಯೇಲ್, ಹಾರ್ವರ್ಡ್‌ಗಳಲ್ಲಿ ಓದು, ಯುದ್ಧಕಾಲದಲ್ಲಿ ಸೇನೆಯ ಗುಪ್ತಚರ ವಿಭಾಗ, ಆಮೇಲೆ ವಿಸ್ಕಾನ್ಸಿನ್‌ಗೆ ಬಂದು ಮ್ಯಾಡಿಸನ್ನಿನ ಪತ್ರಿಕೆಯೊಂದರಲ್ಲಿ ವರದಿಗಾರಿಕೆ. ರಾಜ್ಯಪಾಲರ ಚುನಾವಣೆಗೆ 1952, 1954, 1956ರಲ್ಲಿ ಮೂರು ಸಲ ನಿಂತು ಮೂರು ಸಲವೂ ಸೋತರು. 1957ರಲ್ಲಿ ಕಮ್ಯುನಿಸ್ಟರ ಬೇಟೆಗೆ ಕುಖ್ಯಾತರಾದ ಸೆನೆಟರ್ ಜೋಸೆಫ್ ಮೆಕಾರ್ಥಿ ತೀರಿಕೊಂಡು ಜಾಗ ತೆರವಾದಾಗ, ಉಪಚುನಾವಣೆಯಲ್ಲಿ ಗೆದ್ದು ಅವರ ಕುರ್ಚಿಗೆ ಬಂದರು. ಆ ಗೆಲುವಿನ ವಾರದಲ್ಲೇ ದಕ್ಷಿಣ ಕೆರೊಲಿನಾದ ಸ್ಟ್ರಾಮ್ ಥರ್ಮಂಡ್ ನಾಗರಿಕ ಹಕ್ಕುಗಳ ಮಸೂದೆಯನ್ನು ತಡೆಯಲು 24 ಗಂಟೆ 18 ನಿಮಿಷ ಒಂದೇ ಸಮನೆ ಮಾತಾಡಿದರು. ಫಿಲಿಬಸ್ಟರ್ ಎಂದರೆ ಅದೇ: ಮಾತು ಮುಗಿಯದ ಹೊರತು ಮತಕ್ಕೆ ಹಾಕುವಂತಿಲ್ಲ ಎಂಬ ಸೆನೆಟ್ ಸಂಪ್ರದಾಯವನ್ನು ಹಿಡಿದು ಕಾನೂನನ್ನೇ ಕಟ್ಟಿಹಾಕುವ ತಂತ್ರ. ಸೆನೆಟ್‌ನಲ್ಲಿ ಮಾತು ಎಂಥ ಆಯುಧ ಎಂಬುದನ್ನು ಹೊಸ ಸದಸ್ಯರು ಮೊದಲ ದಿನಗಳಲ್ಲೇ ಕಂಡರು.

ಪ್ರಾಕ್ಸ್‌ಮೈರ್ ಯಾರ ಅಂಕೆಗೂ ಸಿಗುವವರಾಗಿರಲಿಲ್ಲ. ಹೊಸಬರು ಬಾಯಿ ಮುಚ್ಚಿಕೊಂಡಿರಬೇಕೆಂಬ ರೂಢಿ ಮುರಿದು, 1959ರಲ್ಲಿ ತಮ್ಮದೇ ಪಕ್ಷದ ನಾಯಕ ಲಿಂಡನ್ ಜಾನ್ಸನ್ ಎಲ್ಲವನ್ನೂ ಒಬ್ಬರೇ ನಿರ್ಧರಿಸುತ್ತಾರೆ ಎಂದು ಸದನದಲ್ಲೇ ಟೀಕಿಸಿದರು. 1966ರಿಂದ ನಿವೃತ್ತಿಯವರೆಗೆ ಒಂದೂ ಬಿಡದೆ 10,252 ಮತದಾನಗಳಲ್ಲಿ ಭಾಗವಹಿಸಿದರು. ಮನೆಯಿಂದ ಸಂಸತ್ ಭವನಕ್ಕೆ ಓಡುತ್ತಲೇ ಬರುತ್ತಿದ್ದರು. ಚುನಾವಣೆಗೆ ಯಾರಿಂದಲೂ ದೇಣಿಗೆ ಪಡೆಯದೆ, ಕೊನೆಯ ಎರಡು ಚುನಾವಣೆಗಳಲ್ಲಿ ತಲಾ 200 ಡಾಲರಿಗಿಂತ ಕಡಿಮೆ ಖರ್ಚು ಮಾಡಿ ಗೆದ್ದರು.

ರಾಷ್ಟ್ರೀಯ ನೀತಿಯ ಬೇರೆ ಚರ್ಚೆಗಳಲ್ಲೂ ಅವರ ಗುರುತು ದೊಡ್ಡದು. ಸೇನೆಯ ಸಿ-5ಎ ವಿಮಾನದ ವೆಚ್ಚ ಅಂದಾಜಿಗಿಂತ ಸುಮಾರು 200 ಕೋಟಿ ಡಾಲರ್ ಹೆಚ್ಚಾಗಲಿದೆ ಎಂದು ರಕ್ಷಣಾ ಇಲಾಖೆಯ ಅಧಿಕಾರಿ ಅರ್ನೆಸ್ಟ್ ಫಿಟ್ಜೆರಾಲ್ಡ್ 1968ರಲ್ಲಿ ಬಾಯಿಬಿಟ್ಟದ್ದು ಪ್ರಾಕ್ಸ್‌ಮೈರ್ ಅವರ ಉಪಸಮಿತಿಯ ಮುಂದೆ. ಸಾಲ ಕೊಡುವವರು ಬಡ್ಡಿಯ ನಿಜವಾದ ದರವನ್ನು ಗಿರಾಕಿಗೆ ತಿಳಿಸಲೇಬೇಕೆಂಬ 1968ರ ಕಾನೂನು, ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವ ಕಂಪನಿಗಳನ್ನು ಹಿಡಿಯುವ 1977ರ ಕಾನೂನು, ಇವುಗಳ ಹಿಂದೆ ಅವರ ದುಡಿಮೆಯಿದೆ. ಶಬ್ದಾತೀತ ಪ್ರಯಾಣಿಕ ವಿಮಾನದ ಯೋಜನೆಗೆ 1971ರಲ್ಲಿ ಸೆನೆಟ್ ಹಣ ನಿಲ್ಲಿಸಿದ್ದೂ ಅವರ ಹಟದಿಂದ.

ಎಲ್ಲದರಲ್ಲೂ ಅವರು ಸರಿಯಿದ್ದರೆಂದು ಹೇಳಲಾರೆ. 1975ರಿಂದ ತಿಂಗಳಿಗೊಮ್ಮೆ ಸರ್ಕಾರಿ ದುಂದುವೆಚ್ಚಕ್ಕೆ ‘ಗೋಲ್ಡನ್ ಫ್ಲೀಸ್’ ಎಂಬ ಅಣಕದ ಪ್ರಶಸ್ತಿ ಕೊಡುತ್ತಿದ್ದರು. ಮೊದಲನೆಯದು, ಜನ ಪ್ರೀತಿಯಲ್ಲಿ ಬೀಳುವುದು ಯಾಕೆಂದು ತಿಳಿಯುವ 84,000 ಡಾಲರಿನ ಸಂಶೋಧನೆಗೆ. ಜನ ನಕ್ಕರು, ಮೂಲ ವಿಜ್ಞಾನಕ್ಕೆ ಅದರಿಂದ ಪೆಟ್ಟಾಯಿತು. ಅಣಕಕ್ಕೆ ಗುರಿಯಾದ ವಿಜ್ಞಾನಿಯೊಬ್ಬರು ಮಾನನಷ್ಟದ ಮೊಕದ್ದಮೆ ಹೂಡಿದಾಗ 1979ರಲ್ಲಿ ಸುಪ್ರೀಂ ಕೋರ್ಟ್ ಸದನದೊಳಗಿನ ಮಾತಿಗೆ ಮಾತ್ರ ರಕ್ಷಣೆ, ಹೊರಗೆ ಹಂಚಿದ ಪ್ರಕಟಣೆಗೆ ಇಲ್ಲ ಎಂದಿತು. ಪ್ರಾಕ್ಸ್‌ಮೈರ್ 10,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ದುಂದುವೆಚ್ಚದ ಶತ್ರುವಾದ ಅವರು ತಮ್ಮ ರಾಜ್ಯದ ಹೈನುಗಾರರ ಹಾಲಿನ ಬೆಂಬಲ ಬೆಲೆಯನ್ನು ಮಾತ್ರ ಮುಟ್ಟಗೊಡಲಿಲ್ಲ.

ಜನಾಂಗಹತ್ಯೆ ಒಪ್ಪಂದವನ್ನು ಕೈಗೆತ್ತಿಕೊಳ್ಳಲು ಅವರನ್ನು ಒತ್ತಾಯಿಸಿದವರು ಮಿಲ್ವಾಕಿಯ ವಕೀಲ ಬ್ರೂನೋ ಬಿಟ್ಕರ್. ವಿಸ್ಕಾನ್ಸಿನ್ನಿನ ರೈತರಿಗಾಗಲಿ ಕಾರ್ಖಾನೆ ಕೆಲಸಗಾರರಿಗಾಗಲಿ ಇದರಿಂದ ಕಾಸಿನ ಲಾಭವಿರಲಿಲ್ಲ. ಓಟು ತರುವ ವಿಷಯವಂತೂ ಅಲ್ಲ. ಭಾಷಣಗಳು ಚಿಕ್ಕವು, ಕೆಲವೇ ನಿಮಿಷಗಳದು. ಆದರೆ ಒಂದನ್ನೇ ಮತ್ತೆ ಮತ್ತೆ ಓದಲಿಲ್ಲ. ಕಚೇರಿಯ ಸಹಾಯಕರು ಪ್ರತಿದಿನವೂ ಹೊಸ ಎಳೆ ಹುಡುಕಿ ಕೊಡಬೇಕು. ಒಂದು ದಿನ ಅಂದಿನ ಪತ್ರಿಕೆಯ ಸುದ್ದಿ, ಇನ್ನೊಂದು ದಿನ ಒಂದು ಹತ್ಯಾಕಾಂಡದ ವಾರ್ಷಿಕ, ಮತ್ತೊಂದು ದಿನ ವಿರೋಧಿಗಳ ಒಂದು ಕಾನೂನು ವಾದ ಹಿಡಿದು ಅದಕ್ಕೆ ಉತ್ತರ. ವಿಯೆಟ್ನಾಂನಲ್ಲಿ ಕಾದಿದ ನಮ್ಮ ಸೈನಿಕರನ್ನು ಕಟಕಟೆಗೆ ಎಳೆಯುತ್ತಾರೆ ಎಂಬ ಹೆದರಿಕೆಗೂ ಉತ್ತರ ಕೊಡಬೇಕಿತ್ತು.

ನೋಡುವವರು ಎಷ್ಟು ಕಡಿಮೆ ಎಂಬುದನ್ನು ನೆನೆಯಬೇಕು. ಸೆನೆಟ್ ಕಲಾಪದ ದೂರದರ್ಶನ ಪ್ರಸಾರ ಶುರುವಾದದ್ದು 1986ರ ಜೂನ್‌ನಲ್ಲಿ, ಅವರ ಹೋರಾಟ ಗೆದ್ದ ಮೇಲೆ. ಅಲ್ಲಿಯವರೆಗೆ ಆಡಿದ ಅಷ್ಟೂ ಮಾತು ಸಂಸತ್ತಿನ ನಡಾವಳಿಯ ಪುಟಗಳಿಗೆ ಸೇರಿದ್ದು ಬಿಟ್ಟರೆ ಮನೆಮನೆಗೆ ತಲುಪಲಿಲ್ಲ. ಆದರೆ ಪ್ರಾಕ್ಸ್‌ಮೈರ್ ಮಾಡಿದ್ದು ಕೇಳುಗರನ್ನು ಆ ದಿನವೇ ಒಲಿಸಿಕೊಳ್ಳುವ ಕೆಲಸವಲ್ಲ. ಸೆನೆಟ್ ಒಂದು ಒಪ್ಪಂದವನ್ನು ಸೋಲಿಸಬೇಕಾದರೆ ಮತಕ್ಕೆ ಹಾಕಬೇಕೆಂದಿಲ್ಲ, ಮರೆತರೆ ಸಾಕು. ಆ ಮರೆವನ್ನು ಅವರು ಅಸಾಧ್ಯ ಮಾಡಿದರು. ಇದನ್ನು ಅವರ ಸಂಸದೀಯ ಬದುಕಿನ ಅತಿ ದೊಡ್ಡ ಕೆಲಸವೆಂದು ನಾನು ಎಣಿಸುತ್ತೇನೆ.

ಮಾತಿಗೆ ಬೇಕಾದ ಉದಾಹರಣೆಗಳನ್ನು ಲೋಕವೇ ಪೂರೈಸುತ್ತ ಹೋಯಿತು. 1960ರ ದಶಕದ ಕೊನೆಗೆ ನೈಜೀರಿಯಾದ ಬಯಾಫ್ರಾ. 1970ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ತಾವೇ ಸೆನೆಟ್‌ಗೆ ಪತ್ರ ಬರೆದು ಒಪ್ಪಂದವನ್ನು ಒಪ್ಪಿರೆಂದು ಕೇಳಿದರು. ಒಂದು ವರ್ಷ ಕಳೆದು 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಢಾಕಾದ ಮೇಲೆ ಬಿತ್ತು. ಅಲ್ಲಿನ ಅಮೆರಿಕನ್ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಮಾರ್ಚ್ 28ರಂದೇ ತಂತಿ ಕಳಿಸಿ ಇದನ್ನು ಆಯ್ದ ಜನರ ಜನಾಂಗಹತ್ಯೆ ಎಂದು ಕರೆದರು. ಏಪ್ರಿಲ್ 6ರಂದು ಅವರ ಸಹೋದ್ಯೋಗಿಗಳು ಸರ್ಕಾರದ ಮೌನವನ್ನು ಖಂಡಿಸಿ ಸಹಿ ಮಾಡಿದ ಇನ್ನೊಂದು ತಂತಿ ಹೋಯಿತು. ನಿಕ್ಸನ್ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಪಕ್ಷ ಬಿಡಲಿಲ್ಲ. ಬ್ಲಡ್ ಅವರನ್ನು ಢಾಕಾದಿಂದ ಹಿಂದಕ್ಕೆ ಕರೆಸಿಕೊಂಡರು. ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ನಮ್ಮ ದೇಶಕ್ಕೆ ಬಂದರು. ಆ ಹೊತ್ತಿಗೆ ಪಾಕಿಸ್ತಾನವೂ ಭಾರತವೂ ಒಪ್ಪಂದಕ್ಕೆ ಕಟ್ಟುಬಿದ್ದ ದೇಶಗಳು, ಅಮೆರಿಕ ಮಾತ್ರ ಹೊರಗೆ. ಅದರ ಬೆನ್ನಿಗೇ ಕಾಂಬೋಡಿಯಾ. ಪೋಲ್ ಪಾಟ್ ಆಡಳಿತದ ಸಾವುಗಳ ಬಗ್ಗೆ ವಾಷಿಂಗ್ಟನ್ ಬಹುಪಾಲು ಸುಮ್ಮನಿದ್ದಾಗ ಸದನದಲ್ಲಿ ಆ ಹೆಸರು ಹೇಳುತ್ತಿದ್ದ ಕೆಲವರಲ್ಲಿ ಪ್ರಾಕ್ಸ್‌ಮೈರ್ ಒಬ್ಬರು.

ವಿದೇಶಾಂಗ ಸಮಿತಿ 1970ರ ದಶಕದಲ್ಲಿ ಹಲವು ಬಾರಿ ಒಪ್ಪಂದದ ಪರವಾಗಿ ವರದಿ ಕೊಟ್ಟಿತು. ಪೂರ್ಣ ಸದನಕ್ಕೆ ಬಂದದ್ದು 1974ರ ಫೆಬ್ರವರಿಯಲ್ಲಿ, ಉತ್ತರ ಕೆರೊಲಿನಾದ ಸ್ಯಾಮ್ ಅರ್ವಿನ್ ಇನ್ನೂ ಅದರ ಕಟ್ಟಾ ವಿರೋಧಿಯಾಗಿದ್ದ ಕಾಲದಲ್ಲಿ. ವಿರೋಧಿಗಳು ಫಿಲಿಬಸ್ಟರ್ ಹಿಡಿದರು. ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಲು ಆಗ ಮೂರನೇ ಎರಡರ ಬಹುಮತ ಬೇಕಿತ್ತು. ಎರಡು ಸಲ ಪ್ರಯತ್ನಿಸಿದರೂ ಸಿಗಲಿಲ್ಲ. 1976ರಲ್ಲಿ ವಕೀಲರ ಸಂಘ ತನ್ನ ಹಳೆಯ ನಿಲುವು ಬಿಟ್ಟು ಒಪ್ಪಂದದ ಪರ ಬಂತು. ಕಾರ್ಟರ್ ಬೆಂಬಲಿಸಿದರು. ಏನೂ ಆಗಲಿಲ್ಲ. ಜಾನ್ಸನ್, ನಿಕ್ಸನ್, ಫೋರ್ಡ್, ಕಾರ್ಟರ್, ರೇಗನ್, ಐವರು ಅಧ್ಯಕ್ಷರು ಬಂದರು. ಪ್ರಾಕ್ಸ್‌ಮೈರ್ ಎದ್ದು ನಿಲ್ಲುವುದು ನಿಲ್ಲಲಿಲ್ಲ.

ಕದ ತೆರೆದದ್ದು ಹೊರಗಿನ ಒಂದು ಪ್ರಮಾದ. ರೇಗನ್ 1984ರ ಸೆಪ್ಟೆಂಬರ್‌ನಲ್ಲಿ ಒಪ್ಪಂದಕ್ಕೆ ಬೆಂಬಲ ಘೋಷಿಸಿದ್ದರು, ಆದರೆ ಬೆನ್ನು ಹತ್ತಿರಲಿಲ್ಲ. 1985ರ ವಸಂತದಲ್ಲಿ, ಯುದ್ಧ ಮುಗಿದ ನಲವತ್ತನೇ ವರ್ಷದ ನೆನಪಿಗೆ, ಪಶ್ಚಿಮ ಜರ್ಮನಿಯ ಬಿಟ್‌ಬರ್ಗ್ ಸೈನಿಕ ಸ್ಮಶಾನದಲ್ಲಿ ಅವರು ಹೂವಿಡುವರೆಂದು ಪ್ರಕಟವಾಯಿತು. ಅಲ್ಲಿ ಹಿಟ್ಲರನ ಎಸ್‌ಎಸ್ ಪಡೆಯ 49 ಮಂದಿಯ ಗೋರಿಗಳಿದ್ದವು. ಸಾವಿನ ಶಿಬಿರಗಳಿಂದ ಬದುಕಿ ಬಂದ ಲೇಖಕ ಎಲೀ ವೀಸೆಲ್ ಶ್ವೇತಭವನದಲ್ಲೇ ರೇಗನ್ ಎದುರು ನಿಂತು ಅಲ್ಲಿಗೆ ಹೋಗಬೇಡಿ ಎಂದು ಬೇಡಿಕೊಂಡರು. ಸೆನೆಟರುಗಳಲ್ಲಿ ಬಹುಪಾಲು ಜನ ಬೇಡವೆಂದರು. ಮೇ 5ರಂದು ರೇಗನ್ ಹೋದರು. ಆ ಕಳಂಕ ತೊಳೆದುಕೊಳ್ಳಲು ಆಡಳಿತಕ್ಕೊಂದು ದಾರಿ ಬೇಕಿತ್ತು. ಪ್ರಾಕ್ಸ್‌ಮೈರ್ ಹದಿನೆಂಟು ವರ್ಷ ಆರಗೊಡದೆ ಇಟ್ಟಿದ್ದ ಒಪ್ಪಂದ ಎದುರಿಗೇ ಇತ್ತು. ಬಿಟ್‌ಬರ್ಗ್ ಇಲ್ಲದಿದ್ದರೆ ಆ ಭಾಷಣಗಳು ಇನ್ನೂ ಹಲವು ವರ್ಷ ನಡೆಯಬೇಕಾಗುತ್ತಿತ್ತೋ ಏನೋ. ಭಾಷಣಗಳು ಇಲ್ಲದಿದ್ದರೆ ಮಾತ್ರ, ಬಿಟ್‌ಬರ್ಗ್‌ನ ಕಲೆ ತೊಳೆಯಲು ಈ ಒಪ್ಪಂದ ಯಾರಿಗೂ ಹೊಳೆಯುತ್ತಿರಲಿಲ್ಲ.

1986ರ ಫೆಬ್ರವರಿ 19ರಂದು ಸೆನೆಟ್ 83ಕ್ಕೆ 11 ಮತಗಳಿಂದ ಒಪ್ಪಂದವನ್ನು ಒಪ್ಪಿತು. ಗೆಲುವಿಗೆ ಬೆಲೆ ತೆರಬೇಕಾಯಿತು. ಸೆನೆಟರುಗಳಾದ ಜೆಸ್ಸಿ ಹೆಲ್ಮ್ಸ್, ಆರಿನ್ ಹ್ಯಾಚ್, ರಿಚರ್ಡ್ ಲೂಗರ್ ಸೇರಿ ಎರಡು ಷರತ್ತು, ಐದು ವಿವರಣೆ, ಒಂದು ಘೋಷಣೆಯನ್ನು ಅದಕ್ಕೆ ಲಗತ್ತಿಸಿದ್ದರು. ಅಮೆರಿಕ ತಾನಾಗಿ ಒಪ್ಪದೆ ತನ್ನನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಯಾರೂ ಎಳೆಯುವಂತಿಲ್ಲ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ನೆದರ್ಲೆಂಡ್ಸ್ ಮೊದಲಾದ ಯುರೋಪಿನ ದೇಶಗಳು ಆಕ್ಷೇಪ ಎತ್ತಿದವು. ಆ ಷರತ್ತು ಬರೀ ಕಾಗದದ ಮೇಲಿನದಲ್ಲ. 1999ರಲ್ಲಿ ನೇಟೋ ಬಾಂಬ್ ದಾಳಿಯ ವಿರುದ್ಧ ಯುಗೊಸ್ಲಾವಿಯಾ ಹೇಗ್‌ಗೆ ಹೋದಾಗ, ನ್ಯಾಯಾಲಯ ಅಮೆರಿಕದ ಮೇಲಿನ ಪ್ರಕರಣವನ್ನು ಆರಂಭದಲ್ಲೇ ಪಟ್ಟಿಯಿಂದ ತೆಗೆದುಹಾಕಿದ್ದು ಇದರ ಬಲದಿಂದ.

ಒಪ್ಪಂದವನ್ನು ದೇಶದ ದಂಡಸಂಹಿತೆಗೆ ತರುವ ಕಾನೂನು ಇನ್ನೂ ಎರಡೂವರೆ ವರ್ಷ ಹಿಡಿಯಿತು. 1988ರ ನವೆಂಬರ್ 4ರಂದು ರೇಗನ್ ಷಿಕಾಗೋದಲ್ಲಿ ಅದಕ್ಕೆ ಸಹಿ ಹಾಕಿದರು. ಕಾನೂನಿಗೆ ಪ್ರಾಕ್ಸ್‌ಮೈರ್ ಹೆಸರಿದೆ. ಅಮೆರಿಕಕ್ಕೆ ಒಪ್ಪಂದ ಅನ್ವಯವಾಗತೊಡಗಿದ್ದು 1989ರ ಫೆಬ್ರವರಿ 23ರಿಂದ. ಅಷ್ಟರಲ್ಲಿ ಪ್ರಾಕ್ಸ್‌ಮೈರ್ ಸೆನೆಟ್‌ನಿಂದ ನಿವೃತ್ತರಾಗಿ ವಾರಗಳೇ ಕಳೆದಿದ್ದವು. ಆಮೇಲೆ ಆಲ್ಜೈಮರ್ ಅವರ ನೆನಪನ್ನು ಕಸಿದುಕೊಂಡಿತು. 2005ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬೇರೆ ದೇಶದಲ್ಲಿ ಜನಾಂಗಹತ್ಯೆ ನಡೆಸಿ ಬಂದ ವಿದೇಶಿಯರನ್ನೂ ಅಮೆರಿಕದ ನೆಲದಲ್ಲಿ ವಿಚಾರಣೆಗೆ ಒಳಪಡಿಸುವಂತೆ ಅವರ ಹೆಸರಿನ ಕಾನೂನನ್ನು 2007ರಲ್ಲಿ ಹಿಗ್ಗಿಸಲಾಯಿತು.

ಆ ಎರಡನೆಯ ಹೆಜ್ಜೆ, ಒಪ್ಪಂದವನ್ನು ಮನೆಯ ಕಾನೂನು ಮಾಡುವ ಹೆಜ್ಜೆಯನ್ನು, 1946ರಲ್ಲಿ ಮುಂದೆ ನಿಂತಿದ್ದ ಭಾರತ ಇಟ್ಟಿಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯದ ವಿಷಯದಲ್ಲಿ ಅಮೆರಿಕ ಹಾಕಿದಂಥದೇ ಷರತ್ತನ್ನು ನಾವೂ ಹಾಕಿದ್ದೇವೆ. 1984ರ ಸಿಖ್ಖರ ಹತ್ಯೆಗಳಿಗಾಗಿ ಕಾಂಗ್ರೆಸ್ ನಾಯಕ ಸಜ್ಜನ್ ಕುಮಾರ್‌ಗೆ 2018ರ ಡಿಸೆಂಬರ್ 17ರಂದು ಜೀವಾವಧಿ ಶಿಕ್ಷೆ ವಿಧಿಸುವಾಗ ದೆಹಲಿ ಹೈಕೋರ್ಟ್‌ನ ನ್ಯಾಯಮೂರ್ತಿ ಎಸ್. ಮುರಳೀಧರ್ ಮತ್ತು ವಿನೋದ್ ಗೋಯಲ್ ಅವರ ಪೀಠ, ಮಾನವತೆಯ ವಿರುದ್ಧದ ಅಪರಾಧವಾಗಲಿ ಜನಾಂಗಹತ್ಯೆಯಾಗಲಿ ನಮ್ಮ ದಂಡಕಾನೂನಿನಲ್ಲಿ ಇಲ್ಲ, ಈ ಕೊರತೆಯನ್ನು ಬೇಗ ತುಂಬಬೇಕು ಎಂದು ಬರೆಯಿತು. ಹಳೆಯ ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ 2023ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿ 2024ರ ಜುಲೈ 1ರಿಂದ ಜಾರಿಗೆ ಬಂತು. ಅದರಲ್ಲೂ ಜನಾಂಗಹತ್ಯೆಗೆ ಪ್ರತ್ಯೇಕ ಕಲಮಿಲ್ಲ.